ಕೊಟ್ಟರೂ ಹೋಗದ ಹಾಡು

ಪಾರಿಗೆ ಏಳು ತಿಂಗಳು ತುಂಬಿ, ಮಡಿಲು ತುಂಬುವ ದಿನ ನಾನು ಅವಳಿಗೆ ನನ್ನ ರಾಗಿ ಬೀಸುವ ಹಾಡನ್ನು ಕೊಟ್ಟೆ. ನಮ್ಮೂರಿನಲ್ಲಿ ತಾಯಿಯಾದವಳು ಬಸುರಿ ಮಗಳಿಗೆ ಸೀರೆ, ಕುಪ್ಪಸ, ಬಳೆಯ ಜೊತೆಗೆ ಒಂದು ಹಾಡನ್ನೂ ಕೊಡುತ್ತಾಳೆ. ಕೊಡುವುದೆಂದರೆ ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತುಕೊಳ್ಳಬೇಕು. ಕೊಡುವವಳು ಒಂದೊಂದೇ ಸಾಲು ಹಾಡಬೇಕು, ತೆಗೆದುಕೊಳ್ಳುವವಳು ಅದನ್ನು ತಿರುಗಿ ಹಾಡಬೇಕು. ಕೊನೆಯ ಸಾಲು ಮುಗಿಯುತ್ತಿದ್ದ ಹಾಗೆ ಕೊಟ್ಟವಳ ಬಾಯಿಂದ ಹಾಡು ಹೊರಟುಹೋಗುತ್ತದೆ. ಮಾತುಗಳು ನೆನಪಿರುತ್ತವೆ, ರಾಗ ಇರುವುದಿಲ್ಲ. ಆಮೇಲೆ ಎಷ್ಟು ತಡಕಾಡಿದರೂ ಅದು ಸಂತೆಯ ಪಟ್ಟಿ ಓದಿದ ಹಾಗೆ ಕೇಳುತ್ತದೆ. ಬಾಯಿ ಬರಿದಾಯಿತಲ್ಲ ಎಂದು ತೆಗೆದುಕೊಂಡವಳು ಕೊಟ್ಟವಳ ನಾಲಿಗೆಯ ಮೇಲೆ ಒಂದು ಚೂರು ಬೆಲ್ಲ ಇಡುತ್ತಾಳೆ. ನನ್ನ ಅಮ್ಮ ನನಗೆ ಕೊಟ್ಟಿದ್ದೂ ಹೀಗೆಯೇ. ಆ ಹಾಡು ಕೊಟ್ಟ ಮೇಲೆ ಅಮ್ಮ ಬಹಳ ವರ್ಷ ಬರೀ ಕಲ್ಲಿನ ಸದ್ದಿನಲ್ಲಿ ರಾಗಿ ಬೀಸಿದಳು.

ಮಾರನೆಯ ದಿನ ಬೆಳಿಗ್ಗೆ ನಾನು ಬೀಸುಕಲ್ಲಿನ ಮುಂದೆ ಕೂತು ಗೂಟ ಹಿಡಿದೆ. ಎರಡು ಸುತ್ತು ತಿರುಗಿಸುವಷ್ಟರಲ್ಲಿ ಹಾಡು ಬಂದುಬಿಟ್ಟಿತು. ನನ್ನ ಬಾಯಿಂದಲೇ. ಒಲೆಯ ಮುಂದೆ ಕೂತಿದ್ದ ನಮ್ಮ ಯಜಮಾನರು ತಲೆ ಎತ್ತಿ ನೋಡಿದರು.

"ಏನೇ, ಮಗಳಿಗೆ ಕೊಡೋವಾಗ ಮನಸ್ಸು ಬಿಗಿ ಹಿಡ್ಕೊಂಡಿದ್ದೆಯಾ? ಅರ್ಧ ಸೆರಗಲ್ಲಿ ಕಟ್ಟಿಟ್ಕೊಂಡ ಹಾಗಿದೆ."

ನನಗೆ ಭೂಮಿಗೆ ಇಳಿದುಹೋದ ಹಾಗಾಯಿತು. ಹೆತ್ತ ಮಗಳಿಗೆ ಕೊಡುವಾಗ ಕೈ ಬಿಗಿ ಹಿಡಿದೆನೇ ಎಂದು ನನ್ನನ್ನೇ ಕೇಳಿಕೊಂಡೆ. ಪಾರಿಯನ್ನು ಎಬ್ಬಿಸಿ, ಮುಖ ತೊಳೆಸಿ, ಮತ್ತೆ ಮೊಣಕಾಲಿಗೆ ಮೊಣಕಾಲು ಕೊಟ್ಟು ಕೂರಿಸಿದೆ. ಮತ್ತೆ ಹಾಡಿದೆ. ಅವಳು ಆಕಳಿಸುತ್ತಾ ತಿರುಗಿ ಹಾಡಿದಳು. ಬೆಲ್ಲ ತಿಂದೆ. ಕಲ್ಲಿನ ಮುಂದೆ ಹೋಗಿ ಕೂತರೆ ಹಾಡು ಅಲ್ಲೇ ಇತ್ತು. ಪಾರಿಯ ಬಾಯಲ್ಲೂ ಇತ್ತು. ಅವಳು ಬಚ್ಚಲಲ್ಲಿ ಹಾಡಿಕೊಳ್ಳುತ್ತಿರುವುದು ನನಗೆ ಕೇಳುತ್ತಿತ್ತು.

"ನಿನ್ನ ತಪ್ಪಲ್ಲ ಕಣಮ್ಮ," ಎಂದಳು ತಲೆ ಒರೆಸಿಕೊಳ್ಳುತ್ತಾ. "ನಾನು ತಗೊಂಡ್ರೆ ಹೋಗಲ್ಲ ಅಂತ ಕಾಣುತ್ತೆ. ನಾದಿನಿ ಹತ್ರ ಒಂದು ತಗೊಂಡಿದ್ದೆ, ಅವಳೂ ಆಮೇಲೆ ಹಾಡ್ತಾನೇ ಇದ್ಲು. ಅವಳಿಗೆ ನಾಚಿಕೆ ಆಗುತ್ತೆ ಅಂತ ನಾನು ಯಾರಿಗೂ ಹೇಳಲಿಲ್ಲ."

ಮೊದಲು ನಾವು ಇದನ್ನು ಮನೆಯೊಳಗೇ ಇಟ್ಟುಕೊಂಡೆವು. ಆದರೆ ಪಾರಿ ಏನನ್ನೂ ಮನೆಯೊಳಗೆ ಇಟ್ಟುಕೊಳ್ಳುವವಳಲ್ಲ. ಚಿಕ್ಕವಳಿದ್ದಾಗ ಅಂಗಳಕ್ಕೆ ಬಂದ ಮಕ್ಕಳಿಗೆಲ್ಲ ನನ್ನ ಹಪ್ಪಳದ ಹಿಟ್ಟನ್ನು ಉಂಡೆ ಮಾಡಿ ಹಂಚಿಬಿಡುತ್ತಿದ್ದಳು. ಪಕ್ಕದ ಮನೆಯ ತಿಪ್ಪಕ್ಕ ಒಂದು ಮಧ್ಯಾಹ್ನ ಉಪ್ಪು ಕೇಳಲು ಬಂದಳು. ತಿಪ್ಪಕ್ಕನ ಬಾಯಲ್ಲಿದ್ದ ಕೊನೆಯ ಹಾಡು ಮಗಳ ಮದುವೆಯಲ್ಲಿ ಹೋಗಿತ್ತು. ಹೊಸದೊಂದು ತರಲು ಅವಳಿಗೆ ಶಕ್ತಿಯಿರಲಿಲ್ಲ. ತನ್ನ ತನ್ನ ತೊಟ್ಟಿಲ ಹಾಡಂತೂ ಎಲ್ಲರ ಬಾಯಲ್ಲೂ ಇರುತ್ತದೆ. ಅದು ಹುಟ್ಟಿದಾಗ ಅವರವರಿಗೆಂದೇ ಕಟ್ಟಿಸಿದ್ದು, ಆಮೇಲೆ ಯಾರೂ ಯಾರಿಗೂ ಕೊಡುವುದಿಲ್ಲ, ಅದನ್ನು ಹಾಡಿಕೊಂಡು ಯಾರೂ ಕೆಲಸವನ್ನೂ ಮಾಡುವುದಿಲ್ಲ. ಹಾಗಾಗಿ ತಿಪ್ಪಕ್ಕ ಚಾಪೆ ಹೆಣೆಯುವುದು, ಬೀಸುವುದು, ಕುಟ್ಟುವುದು ಎಲ್ಲವನ್ನೂ ಮೂಕವಾಗಿಯೇ ಮಾಡುತ್ತಿದ್ದಳು.

"ಬಾ ಅತ್ತೆ, ಕೂತ್ಕೋ," ಎಂದಳು ಪಾರಿ. "ಇವತ್ತು ಉಪ್ಪಿನ ಜೊತೆ ಒಂದು ಹಾಡೂ ತಗೊಂಡು ಹೋಗು."

"ಹೋಗೇ, ಬಸುರಿ ಹೆಂಗಸಿನ ಬಾಯಿ ಬರಿದು ಮಾಡಿ ಪಾಪ ಕಟ್ಕೊಳ್ಳಲಾ?"

"ಬರಿದಾಗಲ್ಲ, ನಾನು ಕೊಟ್ರೂ ಉಳಿಯುತ್ತೆ, ನೋಡು ಬೇಕಾದ್ರೆ."

ತಿಪ್ಪಕ್ಕ ಹೆದರಿ ಹೆದರಿ ಒಂದೊಂದೇ ಸಾಲು ತಿರುಗಿ ಹಾಡಿದಳು. ಮುಗಿದ ಮೇಲೆ ಅಭ್ಯಾಸದಂತೆ ಬೆಲ್ಲಕ್ಕೆ ನನ್ನತ್ತ ಕೈ ಚಾಚಿದಳು. ಪಾರಿ ನಕ್ಕು ಆ ಬೆಲ್ಲವನ್ನು ಅವಳ ಬಾಯಿಗೇ ಹಾಕಿದಳು. ಮರುದಿನ ಬೆಳಿಗ್ಗೆ ನಾನು ಬೀಸುತ್ತಿರುವಾಗ ಗೋಡೆಯಾಚೆಯಿಂದ ಇನ್ನೊಂದು ಕಲ್ಲಿನ ಸದ್ದು ಕೇಳಿತು, ಅದರ ಮೇಲೆ ನನ್ನ ಹಾಡು. ನನ್ನ ಕೈ ನಿಂತಿತು. ಅಮ್ಮ ಅದನ್ನು ನನಗೆ ಕೊಟ್ಟಿದ್ದು, ಅಮ್ಮನಿಗೆ ಅವಳಮ್ಮ. ಒಂದು ಬಾಯಲ್ಲಿ ಬಂದದ್ದು ಈಗ ಮೂರು ಬಾಯಲ್ಲಿತ್ತು. ಸಿಟ್ಟು ಬರಬಹುದೇನೋ ಎಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ಗೂಟ ಹಿಡಿದು ತಿಪ್ಪಕ್ಕನ ಲಯಕ್ಕೆ ನನ್ನ ಕಲ್ಲನ್ನು ಕೂಡಿಸಿದೆ.

ಅಲ್ಲಿಂದ ನಮ್ಮ ಜಗಲಿಯಲ್ಲಿ ಜನ ಸೇರತೊಡಗಿದರು. ಒಬ್ಬಳು ತನ್ನ ನಾಟಿಯ ಹಾಡು ಪಾರಿಗೆ ಕೊಡುವಳು, ಪಾರಿ ಅದನ್ನು ಇನ್ನೊಬ್ಬಳಿಗೆ, ಅವಳು ತನ್ನ ಹಸೆಯ ಹಾಡನ್ನು ಪಾರಿಗೆ. ಯಾರದೂ ಹೋಗದು, ಎಲ್ಲರದೂ ಎಲ್ಲರಿಗೂ. ಬೇಸರವಾಗಿ ಮರೆತರೆ ಮತ್ತೆ ಬಂದು ತೆಗೆದುಕೊಂಡು ಹೋಗಬಹುದು. ಗಂಡಸರೂ ಸಂಜೆ ಕೈಕಾಲು ತೊಳೆದು ಬರತೊಡಗಿದರು. ನಾನು ಒಳಗೆ ಮಜ್ಜಿಗೆ ಕಡೆಯುತ್ತಿದ್ದೆ, ಹೊರಗೆ ಒಯ್ದು ಕೊಡುತ್ತಿದ್ದೆ, ಲೋಟ ತೊಳೆಯುತ್ತಿದ್ದೆ. ಬಸುರಿಯ ಬೆನ್ನಿಗೆ ದಿಂಬು ಸರಿಮಾಡುತ್ತಿದ್ದೆ. ಆ ದಿನಗಳಲ್ಲಿ ಊರು ಬೇರೆಯದೇ ಆಗಿತ್ತು ಎಂದು ಹೇಳದಿದ್ದರೆ ತಪ್ಪಾಗುತ್ತದೆ. ಕೆರೆಯ ದಡದಲ್ಲಿ ಜೊಂಡು ಒಣಹಾಕುವವರು, ಚಾಪೆಯ ಮಗ್ಗದವರು, ನೀರು ಹೊರುವವರು, ಯಾರ ಬಾಯೂ ಖಾಲಿ ಇರಲಿಲ್ಲ.

ಹಾಡು ಕಟ್ಟುವವಳು ನಮ್ಮೂರಿಗೆ ಒಬ್ಬಳೇ, ದೇವೀರಮ್ಮ. ಕೆರೆಯ ಏರಿಯ ಕೆಳಗೆ ಒಂದಂಕಣದ ಮನೆ. ಯಾರ ಮನೆಯಲ್ಲಿ ಮಗು ಹುಟ್ಟಿದರೂ, ಹೊಸ ಮಗ್ಗ ಹೂಡಿದರೂ ಅವಳ ಬಳಿ ಹೋಗಿ ಹಾಡು ತರಬೇಕು. ತಂದವರು ರಾಗಿಯೋ, ಎಣ್ಣೆಯೋ, ಒಂದು ಚಾಪೆಯೋ ಕೊಡುತ್ತಿದ್ದರು. ಜೊತೆಗೆ ಬೆಲ್ಲವಂತೂ ಇದ್ದೇ ಇತ್ತು. ಹಾಗೆ ತಿಂದ ಬೆಲ್ಲದಿಂದಲೇ ಅವಳ ಹಲ್ಲೆಲ್ಲ ಹೋಗಿದ್ದವು. ಅವಳ ಬಾಯಲ್ಲಿ ಯಾವಾಗಲೂ ಒಂದೇ ಹಾಡು. ಅದು ಹೋದ ಮೇಲೆಯೇ ಇನ್ನೊಂದು ಬರುತ್ತಿತ್ತು. ಊರಿನ ಹಾಡುಗಳೆಲ್ಲ ಅವಳದೋ, ಅವಳ ಹಿಂದಿನವರದೋ. ಅವಳಿಗೆ ಮಾತ್ರ ತಾನು ಕಟ್ಟಿದ ಒಂದನ್ನೂ ಹಾಡಿಕೊಳ್ಳಲು ಆಗುತ್ತಿರಲಿಲ್ಲ.

ಆ ಸಲ ಅವಳು ಕರಿಬಸಪ್ಪನ ಕೊಟ್ಟಿಗೆಗಳಿಗಾಗಿ ಜೊಂಡು ಸೀಳುವ ಹಾಡೊಂದನ್ನು ಕಟ್ಟಿದ್ದಳು. ಕರಿಬಸಪ್ಪ ಚಾಪೆಯ ವ್ಯಾಪಾರಿ, ಜೊಂಡು ಸೀಳಿ ಚಾಪೆ ಹೆಣೆಯುವ ಅವನ ಕೊಟ್ಟಿಗೆಗಳಲ್ಲಿ ಅರ್ಧ ಊರು ಕೆಲಸ ಮಾಡುತ್ತದೆ. ಹಾಡು ಕೈಗೆ ಕೂರುತ್ತದೆಯೋ ಇಲ್ಲವೋ ನೋಡಲು ಯಾರಾದರೂ ಬೇಕಿತ್ತು. ನಾನು ಕೊಟ್ಟ ಹುಳಿಯ ಗಿಂಡಿ ಹಿಡಿದು ಹೋಗಿದ್ದ ಪಾರಿಯನ್ನು ಅವಳೇ ಕೂರಿಸಿಕೊಂಡಳು.

"ನೀನು ತಗೊಂಡ್ರೆ ಹೋಗಲ್ವಂತಲ್ಲೇ? ಬಾ, ಇದನ್ನ ತಗೋ. ನನ್ನ ಹತ್ರಾನೂ ಒಂದು ನಾಲ್ಕು ದಿನ ಇರಲಿ. ನಾನು ಕಟ್ಟಿದ್ದನ್ನ ನಾನೇ ಹಾಡ್ಕೊಂಡು ಕೂರೋ ಭಾಗ್ಯ ನನಗೂ ಬರಲಿ."

ಪಾರಿ ಮನೆಗೆ ಬಂದು ಇದನ್ನು ಹೇಳಿದಾಗ ನನಗೂ ಸಂತೋಷವಾಯಿತು. ಮುದುಕಿ ಕಟ್ಟೆಯ ಮೇಲೆ ಕೂತು, ಜೊಂಡಿಲ್ಲದೆ ಬರಿಗೈಯನ್ನೇ ಸೀಳುವ ಹಾಗೆ ಆಡಿಸುತ್ತಾ ತನ್ನ ಹಾಡು ಹಾಡಿಕೊಳ್ಳುವುದನ್ನು ನೀರಿಗೆ ಹೋದವರೆಲ್ಲ ನೋಡಿದರು. ಅದು ಒಳ್ಳೆಯ ಹಾಡು. ಪಾರಿಯ ಬಾಯಿಂದ ಅದು ಒಂದು ಕೊಟ್ಟಿಗೆಗೆ ಹೋಯಿತು, ಅಲ್ಲಿಂದ ಬಂದವರು ಇನ್ನೊಂದು ಕೊಟ್ಟಿಗೆಯವರನ್ನು ಕರೆತಂದರು. ಮೊದಲೆಲ್ಲ ಒಂದು ಕೊಟ್ಟಿಗೆಯಲ್ಲಿ ಒಬ್ಬ ಹಾಡುತ್ತಿದ್ದ, ಉಳಿದವರು ಹೂಂಗುಡುತ್ತಿದ್ದರು. ಈಗ ಎಲ್ಲ ಕಡೆ ಎಲ್ಲರೂ ಹಾಡಿದರು. ನಮ್ಮ ಅಳಿಯ ರುದ್ರೇಶ ಹೆಂಡತಿಯನ್ನು ನೋಡಲು ಬಂದವನು ಅದನ್ನು ತೆಗೆದುಕೊಂಡು ದೋಣಿಯಲ್ಲಿ ಕೆರೆಯಾಚೆಗೂ ಒಯ್ದ.

ನಾಲ್ಕು ದಿನದ ಭಾಗ್ಯ ನಾಲ್ಕು ವಾರವಾಯಿತು. ಹಾಡು ತೆಗೆದುಕೊಂಡು ಹೋಗಲು ಕರಿಬಸಪ್ಪ ಬರಲಿಲ್ಲ, ಅವನಿಗೆ ಅದು ಸಿಕ್ಕಾಗಿತ್ತು. ಬೇರೆ ಯಾರಿಗಾದರೂ ಕೊಟ್ಟು ಬಾಯಿ ಬಿಡಿಸಿಕೊಳ್ಳೋಣವೆಂದು ದೇವೀರಮ್ಮ ದಾರಿಯಲ್ಲಿ ಹೋಗುವವರನ್ನು ಕರೆದಳು. ಇದ್ದ ಹಾಡನ್ನೇ ಮತ್ತೆ ತೆಗೆದುಕೊಳ್ಳಲು ಬರುವುದಿಲ್ಲವಲ್ಲ, ತುಂಬಿದ ಕೊಡಕ್ಕೆ ನೀರು ಹೊಯ್ದ ಹಾಗೆ. ಅದು ಇಲ್ಲದ ಬಾಯಿ ಊರಿನಲ್ಲಿ ಸಿಗಲಿಲ್ಲ. ಹೋಗದ ಹೊರತು ಹೊಸದು ಬರಲಿಲ್ಲ. ಅವಳ ಮನೆಯ ಒಲೆ ಹೊಗೆಯಾಡುವುದು ಕಡಿಮೆಯಾಯಿತು. ನಾನು ದಿನಾ ಒಂದು ಹೊತ್ತು ಊಟ ಕಳಿಸಿದೆ. ತಿಂದಳು, ಆದರೆ ಗಿಂಡಿ ತಿರುಗಿ ಕಳಿಸುವಾಗ ನನಗೆಂದು ಹೇಳಿ ಕಳಿಸಿದಳು: "ಚನ್ನಾಜಿಗೆ ಹೇಳು, ಹುಳಿ ಚೆನ್ನಾಗಿತ್ತು. ನಾನಿನ್ನೂ ಬೇಡೋಕೆ ಕೂತಿಲ್ಲ ಅಂತಾನೂ ಹೇಳು."

ಕೊನೆಗೆ ಜೊಂಡು ಒಣಹಾಕುವ ಬಯಲಿನಲ್ಲಿ ನಾಲ್ಕು ಜನ ಕೂಡಿ ಮಾತಾಡಿದರು. ಮಾತಾಡಿದ್ದು ಹೆಚ್ಚಾಗಿ ಕರಿಬಸಪ್ಪ. ಅವನು ಕೆಟ್ಟವನಲ್ಲ, ಲಾಭವಾದಾಗ ಎಲ್ಲರಿಗೂ ಲಾಭವಾಗಿದೆ ಎಂದು ಮನಸಾರೆ ನಂಬುವವನು.

"ಅಲ್ಲ ದೇವೀರಮ್ಮ, ನಿನ್ನದೇನು ಹೋಯ್ತು ಈಗ? ಇಲ್ಲೇ ಹಾಡು ಅಂದ್ರೆ ಹಾಡ್ತೀಯ. ಪಕ್ಕದ ಮನೆಯೋರು ಹೆಪ್ಪಿಗೆ ಮೊಸರು ಈಸ್ಕೊಂಡು ಹೋದ್ರೆ ನಿನ್ನ ಗಡಿಗೆ ಖಾಲಿ ಆಗುತ್ತಾ?"

"ಆಗಲ್ಲ ಕಣಪ್ಪ. ಊರೆಲ್ಲ ಹೆಪ್ಪು ಈಸ್ಕೊಳ್ಳಲಿ, ಬೇಡ ಅನ್ನಲ್ಲ. ಹಸು ಸಾಕೋರು ಯಾರು ಅಂತ ಕೇಳ್ತಿದೀನಿ ಅಷ್ಟೇ."

ಕೆಲವರು ನಕ್ಕರು. ತಿಪ್ಪಕ್ಕ ಎದ್ದು ನಿಂತಳು. ಅವಳು ಸಭೆಯಲ್ಲಿ ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ನಿನಗೆ ಅನ್ಯಾಯ ಆಗಿದೆ ದೇವೀರಕ್ಕ, ನಾನು ಇಲ್ಲ ಅನ್ನಲ್ಲ. ಆದ್ರೆ ನಾನು ಇಷ್ಟು ವರ್ಷ ಬಾಯಿ ಕಟ್ಕೊಂಡು ದುಡಿದ್ನಲ್ಲ, ಆವಾಗ ಈ ಬಯಲಲ್ಲಿ ಯಾರೂ ಸಭೆ ಸೇರ್ಲಿಲ್ಲ. ಈಗ ನನ್ನ ಬಾಯಲ್ಲಿರೋದನ್ನ ಕಿತ್ಕೊಳ್ಳಿ ಅಂದ್ರೆ ನಾನು ಕೊಡಲ್ಲ."

"ನಿನ್ನದನ್ನ ಯಾರು ಕಿತ್ಕೊಳ್ತಾರೆ ಕೂತ್ಕೊಳ್ಳೇ," ಎಂದಳು ದೇವೀರಮ್ಮ. ಅವಳ ದನಿಯಲ್ಲಿ ಕೋಪವಿರಲಿಲ್ಲ. "ನನಗೂ ಗೊತ್ತಿಲ್ಲ ಏನು ಮಾಡ್ಬೇಕು ಅಂತ. ನನ್ನ ಬಾಯಿ ಒಂದು ಖಾಲಿ ಮಾಡ್ಕೊಡಿ, ಸಾಕು."

ಯಾವ ತೀರ್ಮಾನವೂ ಆಗಲಿಲ್ಲ. ಮೋಡ ಕಟ್ಟಿತು, ಜೊಂಡು ಎತ್ತಬೇಕಿತ್ತು, ಎಲ್ಲರೂ ಎದ್ದರು. ಜೊಂಡು ಎತ್ತುತ್ತಾ ಎಲ್ಲರೂ ಅವಳ ಹಾಡನ್ನೇ ಹಾಡಿದರು. ಬೇರೇನು ಮಾಡುತ್ತಾರೆ? ಕೈಗೆ ಕೂತಿದ್ದು ಅದೇ ತಾನೆ.

ಆ ವಾರವೇ ಪಾರಿಗೆ ಹೆರಿಗೆಯಾಯಿತು. ಗಂಡು ಮಗು. ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಾಗ ನಮಗೆ ಎಚ್ಚರವಾಯಿತು. ನಮ್ಮೂರಿನ ಪ್ರತಿ ಮಗುವಿಗೂ ಅದಕ್ಕೆಂದೇ ಕಟ್ಟಿದ ಒಂದು ತೊಟ್ಟಿಲ ಹಾಡು ಇರುತ್ತದೆ. ತಾಯಿ ಅದನ್ನು ದೇವೀರಮ್ಮನಿಂದ ತಂದು, ಹಾಡಿ, ಮಗುವಿಗೆ ಮಾತು ಬಂದ ಮೇಲೆ ಮಗುವಿಗೇ ಕೊಟ್ಟುಬಿಡುತ್ತಾಳೆ. ಊರಿನಲ್ಲಿ ಆ ತಿಂಗಳು ಹುಟ್ಟಿದ ಉಳಿದ ಮಕ್ಕಳೆಲ್ಲ ಜೊಂಡು ಸೀಳುವ ಹಾಡಿಗೇ ಮಲಗುತ್ತಿದ್ದವು. ಮಲಗುವುದಕ್ಕೇನು, ಚೆನ್ನಾಗಿಯೇ ಮಲಗುತ್ತಿದ್ದವು. ಕೈ ಅಭ್ಯಾಸಬಲದಿಂದ ತೊಟ್ಟಿಲನ್ನು ಸ್ವಲ್ಪ ಜೋರಾಗಿ ತೂಗುತ್ತಿತ್ತು, ಅಷ್ಟೆ. ನಮ್ಮ ಮಗುವೂ ಮಲಗಿತು. ಪಾರಿಯ ಬಾಯಲ್ಲಿ ಊರಿನ ಹಾಡೆಲ್ಲ ಇದ್ದವು, ಒಂದಾದ ಮೇಲೆ ಒಂದು ಹಾಡಿದಳು. ಮೂರನೆಯ ದಿನ ಅವಳು ತೊಟ್ಟಿಲು ತೂಗುವುದನ್ನು ನಿಲ್ಲಿಸಿ ಕಿವಿಗೊಟ್ಟಳು. ಬೀದಿಯ ಆ ತುದಿಯಿಂದ ಅದೇ ಹಾಡು ಬರುತ್ತಿತ್ತು. ಇನ್ನೊಂದು ಹಿಡಿದಳು, ಗೋಡೆಯಾಚೆ ತಿಪ್ಪಕ್ಕ ಅದನ್ನೇ ಗುನುಗುತ್ತಾ ಪಾತ್ರೆ ಉಜ್ಜುತ್ತಿದ್ದಳು.

"ಅಮ್ಮ," ಎಂದಳು, ಮಗುವಿನ ಹಣೆಯ ಮೇಲೆ ಕೈಯಿಟ್ಟುಕೊಂಡು, "ಇವನಿಗೆ ಅಂತ ಒಂದು ಬೇಕು."

ಅದನ್ನು ಕೇಳಲು ಅವಳಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತಾಯಿತು. ಅವಳ ತಲೆಗೆ ಬಟ್ಟೆ ಕಟ್ಟಿ, ಮಗುವನ್ನು ಸೀರೆಯಲ್ಲಿ ಸುತ್ತಿ, ಇಬ್ಬರನ್ನೂ ದೇವೀರಮ್ಮನ ಮನೆಗೆ ಕರೆದುಕೊಂಡು ಹೋದೆ.

ದೇವೀರಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮೂಗು ಯಾರದು, ಕಿವಿ ಯಾರದು ಎಂದೆಲ್ಲ ನೋಡಿದಳು. ಆಮೇಲೆ ಪಾರಿಯನ್ನು ನೋಡಿದಳು.

"ಕೇಳು, ಯಾಕೆ ಬಂದೆ ಅಂತ ನನಗೆ ಗೊತ್ತು, ಆದ್ರೂ ನಿನ್ನ ಬಾಯಲ್ಲೇ ಕೇಳು."

"ಇವನಿಗೊಂದು ಹಾಡು ಕಟ್ಟಿಕೊಡಜ್ಜಿ."

"ಎಲ್ಲಿಂದ ಕಟ್ಟಲಿ? ಬಾಗಿಲಿಗೆ ಅಡ್ಡಡ್ಡ ಒಂದು ಕೂತಿದೆ. ಅದು ಎದ್ದು ಹೋದ್ರೆ ತಾನೆ ಒಳಗಿಂದ ಇನ್ನೊಂದು ಬರೋದು?"

"ನಾನು ಯಾರದನ್ನೂ ಕದೀಲಿಲ್ಲ ಅಜ್ಜಿ," ಎಂದಳು ಪಾರಿ. "ನೀನೇ ಕರೆದು ಕೊಟ್ಟಿದ್ದು. ಯಾರದೂ ಕಡಿಮೆ ಆಗಲ್ಲ ಅಂದ್ಕೊಂಡೆ. ನಿಜವಾಗ್ಲೂ ಯಾರದೂ ಕಡಿಮೆ ಆಗಿರಲಿಲ್ಲ."

"ಹೌದು ಮಗಳೇ. ಇದ್ದ ಹಾಡು ಒಂದೂ ಕಡಿಮೆ ಆಗಿಲ್ಲ. ಬರಬೇಕಾಗಿದ್ದದ್ದು ಬರಲಿಲ್ಲ, ಅಷ್ಟೇ. ಬರದೇ ಇದ್ದದ್ದು ಯಾರ ಕಣ್ಣಿಗೂ ಕಾಣಲ್ಲ ನೋಡು, ಅದಕ್ಕೆ ಯಾರೂ ಅಳಲ್ಲ." ಮಗು ಕೈ ಆಡಿಸಿತು. ಅವಳು ಅದರ ಬೆರಳು ಹಿಡಿದಳು. "ತಪ್ಪು ನಂದೂ ಇದೆ. ಒಂದನ್ನ ಉಳಿಸ್ಕೋಬೇಕು ಅಂತ ಆಸೆ ಪಟ್ಟೆ. ಈಗ ಅದರ ಮುಖ ನೋಡಿದ್ರೆ ಆಗಲ್ಲ. ಹಲ್ಲಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ. ಹಲ್ಲೇ ಇಲ್ಲ ಅನ್ನೋದು ಬೇರೆ ಮಾತು."

ಪಾರಿ ಅಳುತ್ತಾ ನಕ್ಕಳು. ದೇವೀರಮ್ಮ ಕಾಲು ನೀಡಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಹಾಳಾದ ಹಾಡನ್ನೇ ಹೇಳೋಣ ಎಂದು ಶುರು ಮಾಡಿದಳು. ಎರಡು ಸಾಲಾದ ಮೇಲೆ ನನ್ನತ್ತ ತಿರುಗಿದಳು.

"ನೀನೂ ದನಿ ಕೂಡಿಸು ಚನ್ನಾಜಿ, ನನಗೆ ಉಸಿರು ಸಾಲಲ್ಲ."

"ನನಗೆ ಬರಲ್ಲ ದೇವೀರಕ್ಕ."

"ಬರಲ್ಲ ಅಂದ್ರೆ?"

"ಕೂತು ತಗೊಳ್ಳೋಕೆ ಪುರುಸೊತ್ತೇ ಆಗ್ಲಿಲ್ಲ. ನಮ್ಮನೆ ಜಗಲೀಲಿ ಎಲ್ಲರೂ ತಗೊಂಡ್ರು, ನಾನು ಒಳಗೆ ಮಜ್ಜಿಗೆ ಕಡೀತಿದ್ದೆ."

ಪಾರಿ ನನ್ನ ಮುಖ ನೋಡಿದಳು, ನಾನು ಏನೋ ತಪ್ಪು ಹೇಳಿದೆನೆಂದುಕೊಂಡೆ. ದೇವೀರಮ್ಮ ಮಗುವನ್ನು ಪಾರಿಯ ಕೈಗಿತ್ತು, ಅಷ್ಟು ದೊಡ್ಡ ಹೆಂಗಸು, ಕೂತಲ್ಲಿಂದಲೇ ಜರುಗಿಕೊಂಡು ಬಂದು ನನ್ನ ಮೊಣಕಾಲಿಗೆ ತನ್ನ ಮೊಣಕಾಲನ್ನು ಢಿಕ್ಕಿ ಹೊಡೆಸಿದಳು.

"ಊರೆಲ್ಲ ಹುಡುಕಿದ್ನಲ್ಲೇ! ದಿನಾ ಹುಳಿ ಕಳಿಸ್ತಿದ್ದವಳ ಬಾಯಿ ಖಾಲಿ ಇತ್ತಾ?"

ನಾನು ಸಾಲು ಸಾಲಾಗಿ ತೆಗೆದುಕೊಂಡೆ. ದಿನಾ ಕಿವಿಗೆ ಬಿದ್ದ ಹಾಡಾದರೂ ಬಾಯಿಗೆ ಅದು ಹೊಸದು. ಕೊನೆಯ ಸಾಲು ಮುಗಿದಾಗ ಅವಳ ಭುಜ ಇಳಿಯಿತು. ಅವಳು ಒಮ್ಮೆ ಹಾಡಲು ಬಾಯಿ ತೆರೆದಳು, ಬರೀ ಗಾಳಿ ಬಂತು. ಮೈಮೇಲಿನ ಹೊರೆ ಇಳಿಸಿದವರು ಹಾಕುವ ಉಸಿರಿನ ಹಾಗಿತ್ತು ಅದು. ನಾನು ಬೆಲ್ಲ ತಂದಿರಲಿಲ್ಲ, ಅವಳ ಡಬ್ಬಿಯಲ್ಲೂ ಇರಲಿಲ್ಲ. "ಏನೂ ಬೇಡ, ನಾಳೆ ರಾಗಿ ತಂದುಕೊಡು" ಎಂದಳು. ಯಜಮಾನರು ಮಾರನೆಯ ದಿನ ಒಂದು ಮೂಟೆ ರಾಗಿಯನ್ನೇ ಹೊತ್ತು ಹೋದರು. ಊರೆಲ್ಲ ಪುಕ್ಕಟೆ ಪಡೆದ ಹಾಡಿಗೆ ನಾವೊಬ್ಬರೇ ರಾಗಿ ತೆತ್ತೆವೆಂದು ಕರಿಬಸಪ್ಪ ಬಯಲಿನಲ್ಲಿ ತಮಾಷೆ ಮಾಡಿದನಂತೆ. ಮಾಡಲಿ.

ಆಮೇಲೆ ಊರಿನಲ್ಲಿ ಒಂದು ಪದ್ಧತಿ ಬಿತ್ತು. ಹೊಸ ಹಾಡನ್ನು ಯಾರಾದರೊಬ್ಬರು ಹಳೆಯ ರೀತಿಯಲ್ಲಿ ದೇವೀರಮ್ಮನಿಂದ ತೆಗೆದುಕೊಳ್ಳಬೇಕು, ಅವಳಿಗೆ ಸಲ್ಲಬೇಕಾದ್ದು ಸಲ್ಲಿಸಬೇಕು. ಅದಕ್ಕೆ ಮೊದಲ ಬಾಯಿ ಎನ್ನುತ್ತಾರೆ. ಆ ಬಾಯಿಂದ ಪಾರಿ ತೆಗೆದುಕೊಳ್ಳಬಹುದು, ಪಾರಿಯಿಂದ ಊರು. ಆದರೆ ಮೊದಲ ಬಾಯಿ ಯಾರಾಗುತ್ತಾರೆ? ಒಂದು ವಾರ ಕಾದರೆ ಸುಮ್ಮನೆ ಸಿಗುವುದಕ್ಕೆ ರಾಗಿ ಕೊಡುವ ಧರ್ಮಾತ್ಮರು ಕಡಿಮೆ. ಬೀದಿಗೊಂದು ಸರದಿ ಎಂದು ಮಾಡಿದರು. ಸರದಿ ಬಂದಾಗ ಕೆಲವರಿಗೆ ಗಂಟಲು ಕೆಡುತ್ತದೆ, ಕೆಲವರು ನೆಂಟರ ಊರಿಗೆ ಹೋಗಿರುತ್ತಾರೆ. ಕರಿಬಸಪ್ಪನಿಗೆ ಎರಡು ಸಲ ಗಂಟಲು ಕೆಟ್ಟಿತು. ತಿಪ್ಪಕ್ಕ ಮಾತ್ರ ತನ್ನ ಸರದಿಗಿಂತ ಮೊದಲೇ ಒಂದು ಚಾಪೆ ಹೆಣೆದಿಟ್ಟುಕೊಂಡು ಕಾಯುತ್ತಿದ್ದಳು. ಹೇಗೋ ನಡೆಯುತ್ತಿದೆ.

ನಮ್ಮ ಮಗುವಿನ ಹಾಡು ದೇವೀರಮ್ಮನಿಗೆ ಬೇಗನೇ ಬಂತು. ಬಾಗಿಲಾಚೆ ಕಾದು ನಿಂತಿತ್ತೋ ಏನೋ. ಹೇಳಿಕಳಿಸಿದಳು, ನಾವಿಬ್ಬರೂ ಹೋದೆವು.

"ಬಂದಿದೆ. ಆದ್ರೆ ಪಾರಿ, ಇದನ್ನ ನಿನಗೆ ಕೊಟ್ರೆ ನನ್ನಲ್ಲೇ ಉಳಿಯುತ್ತೆ. ಮತ್ತೆ ಹಳೇ ಕತೆ."

"ಅಮ್ಮನಿಗೆ ಕೊಡು. ಅಮ್ಮನಿಂದ ನಾನು..." ಎಂದು ಶುರು ಮಾಡಿದ ಪಾರಿ ಅಲ್ಲಿಗೇ ನಿಂತಳು. ನಾನು ಅವಳಿಗೆ ಕೊಟ್ಟರೆ ಅದು ನನ್ನಲ್ಲೂ ಉಳಿಯುತ್ತದೆ. ಅವಳು ಮಗುವಿಗೆ ಕೊಟ್ಟರೆ ಅವಳಲ್ಲೂ ಉಳಿಯುತ್ತದೆ. ಮೂರು ಬಾಯಿಯ ತೊಟ್ಟಿಲ ಹಾಡು. ನನಗೇನೋ ಅದು ಅಂಥ ದೊಡ್ಡ ವಿಷಯವೆನಿಸಲಿಲ್ಲ. ತಾಯಿಯ ಬಾಯಲ್ಲಿದ್ದರೆ ಏನಾಯಿತು ಎಂದೆ.

"ನಿನಗೆ ನನ್ನ ಬುದ್ಧಿ ಗೊತ್ತಿಲ್ವಾ ಅಮ್ಮ? ಯಾರಾದ್ರೂ ಮಗು ಎತ್ಕೊಂಡು ಬಂದು, ಇದು ಮಲಗ್ತಿಲ್ಲ ಕಣೆ ಅಂದ್ರೆ ಇಲ್ಲ ಅನ್ನೋಕೆ ನನಗೆ ಬಾಯಿ ಬರುತ್ತಾ? ನೀನೇ ಇಟ್ಕೋ. ಇವನಿಗೆ ಮಾತು ಬಂದಾಗ ನೀನೇ ಕೊಡು. ನನಗೆ ಬೇಡ."

ಹೀಗೆ ಆ ಮಗುವಿನ, ನಮ್ಮ ಸೋಮುವಿನ, ತೊಟ್ಟಿಲ ಹಾಡು ನನ್ನ ಬಾಯಿಗೆ ಬಂತು. ನಾನು ತೂಗಲು ಕೂತರೆ ಪಾರಿ ಎದ್ದು ಹೊರಗೆ ಹೋಗುತ್ತಿದ್ದಳು. ಕೇಳಿದರೆ ತುಟಿ ತಾನಾಗಿ ಆಡುತ್ತದೆ ಎಂದು ಅವಳಿಗೆ ಭಯ. ಹಿತ್ತಲಿನ ಕಲ್ಲಿನ ಮೇಲೆ ಬಟ್ಟೆಯನ್ನು ಬೇಕೆಂದೇ ಜೋರಾಗಿ ಒಗೆಯುತ್ತಿದ್ದಳು. ಮಗು ಮಲಗಿದ ಮೇಲೆ ನಾನು ಹಿತ್ತಲ ಬಾಗಿಲು ಸರಿಸಿ ಕೈಸನ್ನೆ ಮಾಡುತ್ತಿದ್ದೆ. ಅವಳು ಒದ್ದೆ ಕೈ ಒರೆಸಿಕೊಂಡು ಬಂದು ಬಗ್ಗಿ ನೋಡುತ್ತಿದ್ದಳು. "ಹೇಗಿತ್ತಮ್ಮ?" ಎಂದು ಕೇಳುತ್ತಿದ್ದಳು. "ಚೆನ್ನಾಗಿತ್ತು" ಎನ್ನುತ್ತಿದ್ದೆ. ಇನ್ನೇನು ಹೇಳಲಿ? ಮಾತಿನಲ್ಲಿ ಹೇಳಬಹುದಾದ್ದು ಅದರಲ್ಲಿ ಏನೂ ಇರಲಿಲ್ಲ. ಒಂದು ಕಡೆ ರಾಗ ಕೆಳಗಿಳಿಯುತ್ತಾ ಇಳಿಯುತ್ತಾ, ಇನ್ನು ಮುಗಿಯಿತು ಅನ್ನುವಾಗ ಸಣ್ಣದಾಗಿ ಒಮ್ಮೆ ಮೇಲೆದ್ದು ನೋಡುತ್ತದೆ, ಹೊದಿಕೆಯಿಂದ ಮಗು ಇಣುಕಿದ ಹಾಗೆ ಎಂದು ಒಂದು ಸಲ ಹೇಳಹೋದೆ. ಅವಳು ಕಿವಿ ಮುಚ್ಚಿಕೊಂಡಳು.

ಬಾಣಂತನ ಮುಗಿದು ಅವಳು ಕೆರೆಯಾಚೆ ಗಂಡನ ಮನೆಗೆ ಹೋದಳು. ಹಾಡು ಇಲ್ಲೇ ಉಳಿಯಿತು. ಹಾಗಾಗಿ ಹದಿನೈದು ದಿನಕ್ಕೊಮ್ಮೆ ರುದ್ರೇಶ ಇಬ್ಬರನ್ನೂ ದೋಣಿಯಲ್ಲಿ ಕರೆದುಕೊಂಡು ಬರುತ್ತಿದ್ದ. "ನೀವು ಮಗು ಸಾಕ್ತಿದ್ದೀರೋ, ಹಾಡು ಸಾಕ್ತಿದ್ದೀರೋ?" ಎಂದು ಬೀಗಿತ್ತಿ ಒಮ್ಮೆ ಚುಚ್ಚಿದರು. ನಾನು ನಕ್ಕೆ. ಮಗಳು ಇಷ್ಟು ಸಲ ತವರಿಗೆ ಬರುವುದಕ್ಕೆ ಬೇರೆ ಕಾರಣ ಹುಡುಕಿದರೆ ಸಿಗುತ್ತಿತ್ತೇ?

ಸೋಮುವಿಗೆ ಮಾತು ಬಂತು. ಮೊದಲು ಒಂದೊಂದು ಪದ, ಆಮೇಲೆ ಹೇಳಿದ್ದನ್ನೆಲ್ಲ ತಿರುಗಿ ಹೇಳುವ ಚಾಳಿ. ಕಾಯುವುದು ಬೇಡ, ಕೊಟ್ಟುಬಿ‌ಡು ಎಂದಳು ಪಾರಿ. ಕೊಡುವ ದಿನ ಬೆಳಿಗ್ಗೆಯೇ ಕೊಡಪಾನ ಎತ್ತಿಕೊಂಡು ಕೆರೆಗೆ ಹೋದಳು. ಮನೆಯಲ್ಲಿ ನೀರು ಬೇಕಾದಷ್ಟಿತ್ತು. ನಾನು ಸೋಮುವನ್ನು ಎದುರಿಗೆ ಕೂರಿಸಿಕೊಂಡೆ. ಅವನ ಮೊಣಕಾಲು ನನ್ನ ಮೊಣಕಾಲಿಗೆ ನಿಲುಕಲಿಲ್ಲ, ಮಣೆಯ ಮೇಲೆ ಹತ್ತಿಸಿದೆ. ಎರಡು ಸಲ ಎದ್ದು ಓಡಿದ. ಮೂರನೆಯ ಸಲ ಕೂತ. ನಾನು ಹಾಡಿದೆ, ಅವನು ನನ್ನ ಬಾಯಿಯನ್ನೇ ನೋಡುತ್ತಾ ತಿರುಗಿ ಹಾಡಿದ. ಆ ಇಳಿಯುವ ಜಾಗದಲ್ಲಿ ಅವನಿಗೆ ಉಸಿರು ಸಾಲಲಿಲ್ಲ. ಕೆಳಗಿಳಿದವನು ಮೇಲೇಳಲಿಲ್ಲ, ಗುಟುಕು ಗಾಳಿ ಎಳೆದುಕೊಂಡು ಮುಂದಿನ ಸಾಲಿಗೆ ಹಾರಿದ. ತಡೆದು ತಿದ್ದಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನು ಕೊನೆಯ ಸಾಲು ಮುಗಿಸಿಬಿಟ್ಟ.

ನನ್ನ ಬಾಯಿ ಖಾಲಿಯಾಯಿತು. ಪಾರಿಯ ಗುಣ ಅವನಿಗೆ ಬಂದಿರಲಿಲ್ಲ, ಹೋದ ಹಾಡು ಹೋಗಿಯೇ ಹೋಯಿತು. ಹಲ್ಲು ಬಿದ್ದ ಜಾಗವನ್ನು ನಾಲಿಗೆ ತಡವುವ ಹಾಗೆ ನಾನು ಸ್ವಲ್ಪ ಹೊತ್ತು ಅದನ್ನು ತಡವುತ್ತಾ ಕೂತೆ. ಇನ್ನು ಇದು ಇವನೊಬ್ಬನದು, ಇವನು ಯಾರಿಗೂ ಕೊಡಬೇಕಾಗಿಲ್ಲ ಎಂದುಕೊಂಡು ಒಲೆಯ ಕಡೆ ಎದ್ದೆ.

ಪಾರಿ ಅಂಗಳಕ್ಕೆ ಬಂದದ್ದು ಅವನಿಗೆ ಕಂಡಿತು. ಮಣೆಯಿಂದ ಜಾರಿ ಓಡಿದ. ಸೊಂಟದಲ್ಲಿ ಕೊಡಪಾನವಿದ್ದ ತಾಯಿಯ ಸೀರೆ ಹಿಡಿದು ಜಗ್ಗಿ, ಕೂತ್ಕೋ ಕೂತ್ಕೋ ಎಂದು ರಂಪ ಮಾಡಿದ. ಅವಳು ಕೊಡಪಾನ ಇಳಿಸಿ ಹೊಸಲ ಮೇಲೆ ಕೂತಳು. ಅವನು ಅವಳ ಮೊಣಕಾಲಿಗೆ ತನ್ನ ಪುಟ್ಟ ಮೊಣಕಾಲು ತಾಗಿಸಿ ನಿಂತು, ಅಷ್ಟೂ ದನಿ ತೆಗೆದು, ಮೊದಲ ಸಾಲು ಹಾಡಿದ. ಪಾರಿ ಗಾಬರಿಯಿಂದ ನನ್ನತ್ತ ನೋಡಿದಳು. ಕಿವಿ ಮುಚ್ಚಲು ಕೈ ಎತ್ತಿದಳು, ಅವನು ಆ ಕೈಗಳನ್ನು ಹಿಡಿದು ಕೆಳಗೆ ಎಳೆದ.

"ಏಳು ಅಮ್ಮ! ನೀನು ಏಳು!"

ಹೇಳು ಎಂದು ಅವನ ಅಪ್ಪಣೆ. ನಾನು ತಲೆಯಾಡಿಸಿದೆ. ಹಾಡು ಅವನದು, ಕೊಡುವವನು ಅವನು, ನಾನು ಯಾರು ಬೇಡ ಎನ್ನಲು?

ಪಾರಿ ಹಾಡಿದಳು. ಎರಡು ವರ್ಷ ಹಿತ್ತಲಿನಲ್ಲಿ ಬಟ್ಟೆ ಒಗೆದವಳು ಒಂದೊಂದು ಸಾಲನ್ನೂ ಬಿಸಿ ಹಾಲು ಕುಡಿಯುವ ಹಾಗೆ ಮೆಲ್ಲಗೆ ತೆಗೆದುಕೊಂಡಳು. ಆ ಜಾಗ ಬಂದಾಗ ಅವನು ಇಳಿದು, ಗುಟುಕು ಗಾಳಿ ಎಳೆದುಕೊಂಡು, ಹಾರಿದ. ಅವಳೂ ಇಳಿದಳು, ಅವನಂತೆಯೇ ಗುಟುಕು ಗಾಳಿ ಎಳೆದುಕೊಂಡಳು, ಹಾರಿದಳು. ಅಲ್ಲಿ ಹಾಗಲ್ಲ ಎಂದು ಹೇಳಬೇಕೆನಿಸಿತು. ಹೇಗೆ ಎಂದು ಅವಳು ಕೇಳಿದರೆ ಹಾಡಿ ತೋರಿಸಲು ನನ್ನಲ್ಲಿ ರಾಗವಿರಲಿಲ್ಲ. ದೇವೀರಮ್ಮನಲ್ಲೂ ಇಲ್ಲ, ಎಲ್ಲಿಯೂ ಇಲ್ಲ. ಹೊಸಲ ಮೇಲೆ ಅವರಿಬ್ಬರೂ ಅದನ್ನು ಮತ್ತೆ ಮೊದಲಿನಿಂದ ಶುರು ಮಾಡಿದರು, ಆ ಜಾಗದಲ್ಲಿ ಇಬ್ಬರೂ ಒಟ್ಟಿಗೆ ಉಸಿರು ಎಳೆದುಕೊಂಡರು.